ಮಂತ್ರ ಬಾರದ ಕಣಿಯವಳು

ಮೊನ್ನೆ ವಿಶಾಖಪಟ್ಟಣದ ಸಿಟಿ ಬಸ್ಸಿನಲ್ಲಿ ಪಾಸು ಹುಡುಕುವಾಗ ನನ್ನ ಕೈಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದು ಜಾರಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಬಿತ್ತು. ಆಕೆ ಎತ್ತಿಕೊಡುವ ಬದಲು ಬಿಡಿಸಿ ನೋಡಿದಳು. ತೆಲುಗು ಲಿಪಿಗೂ ನಮ್ಮದಕ್ಕೂ ಹತ್ತಿರದ ನಂಟು. ಹಾಗಾಗಿ ತಡವರಿಸಿಕೊಂಡೇ ಓದಿಬಿಟ್ಟಳು. 'ಹೆಸರು: ಗಂಗಿ. ವಯಸ್ಸು: ಐವತ್ತೆರಡು. ಕಸುಬು: ಕಣಿ ಹೇಳುವುದು. ಮಂತ್ರಶಕ್ತಿ: ಇಲ್ಲ.'

"ಎವರಂಡಿ ಈ ಗಂಗಿ?" ಎಂದು ಕೇಳಿದಳು.

"ನಾನೇ" ಅಂದೆ.

ಆಕೆ ಹಾಳೆ ಕೊಟ್ಟು, ತನ್ನ ಚೀಲವನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನನಗೆ ಇನ್ನೂ ಮೂವತ್ತು ತುಂಬಿಲ್ಲ, ಹೆಸರು ಶೈಲಾ, ಊರು ದಾವಣಗೆರೆ. ವಿಶಾಖಪಟ್ಟಣದ ಹೊರವಲಯದ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಅಂದರೆ ಸಂಶಯ ಪಡುವುದಕ್ಕೇ ನನಗೆ ಸಂಬಳ. ಮಾತ್ರೆ ಬೆಳ್ಳಗಿದ್ದರೆ ಯಾಕೆ ಇಷ್ಟು ಬೆಳ್ಳಗಿದೆ ಎಂದು ಕೇಳಬೇಕು. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಬರೆದುಕೊಟ್ಟರೆ, ಬರೆದವರು ನಿಜವಾಗಿ ನೋಡಿ ಬರೆದರೋ ಕೂತಲ್ಲೇ ಬರೆದರೋ ಎಂದು ವಿಚಾರಿಸಬೇಕು. ಐದು ವರ್ಷ ಈ ಕೆಲಸ ಮಾಡಿದವಳಿಗೆ ಮನೆಗೆ ಬರುವ ಹಾಲಿನ ಪ್ಯಾಕೆಟ್ಟೂ ಆರೋಪಿಯ ಹಾಗೇ ಕಾಣುತ್ತದೆ.

ಗಂಗಿ ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ, ನನ್ನ ಸಹೋದ್ಯೋಗಿ ಕಿರಣನ ಮನೆಯಲ್ಲಿ. ವಾರಕ್ಕೊಮ್ಮೆ ಊಟವಾದ ಮೇಲೆ ಐದು ಜನ ಅವನ ಡೈನಿಂಗ್ ಟೇಬಲ್ಲಿನ ಸುತ್ತ ಕೂತು ಒಂದು ಆಟ ಆಡುತ್ತೇವೆ. ಬೋರ್ಡೂ ಇಲ್ಲ, ಇಸ್ಪೀಟ್ ಎಲೆಯೂ ಇಲ್ಲ. ಒಬ್ಬೊಬ್ಬರೂ ಒಂದು ಪಾತ್ರ ಸೃಷ್ಟಿಸಿಕೊಂಡು, ಅದರ ಬಲ, ಬುದ್ಧಿ, ಕೌಶಲಗಳನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ಕಿರಣ ಗೇಮ್ ಮಾಸ್ಟರ್. ರಾಕ್ಷಸರು, ಕೋಟೆಗಳು, ಮಾಂತ್ರಿಕರು ಇರುವ ಒಂದು ಲೋಕದ ಕತೆಯನ್ನು ಅವನು ಹೇಳುತ್ತಾ ಹೋಗುತ್ತಾನೆ, ನಮ್ಮ ಪಾತ್ರ ಅಲ್ಲಿ ಏನು ಮಾಡುತ್ತದೆಂದು ನಾವು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಹೊರಗಿನಿಂದ ನೋಡುವವರಿಗೆ ಐದು ಜನ ದೊಡ್ಡವರು ಪೆನ್ಸಿಲ್ ಹಿಡಿದು ಗಂಭೀರವಾಗಿ ಸುಳ್ಳು ಹೇಳಿಕೊಳ್ಳುತ್ತಿರುವಂತೆ ಕಾಣುತ್ತದೆ. ಕಿರಣನ ಅಮ್ಮ ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿ, "ಇದರಲ್ಲಿ ಗೆಲ್ಲೋದು ಯಾವಾಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದರು.

ಉಳಿದ ಮೂವರು ಕತ್ತಿಯವನು, ಬಿಲ್ಲಿನವಳು, ಬೆಂಕಿ ಉಗುಳುವ ಮಾಂತ್ರಿಕ ಆದರು. ನನಗೆ ನೆನಪಾದದ್ದು ಬಾಲ್ಯದಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಕಣಿಯ ಹೆಂಗಸು. ಕೈಯಲ್ಲೊಂದು ಬೆತ್ತ, ಕಂಕುಳಲ್ಲಿ ಬುಟ್ಟಿ. ನಮ್ಮಜ್ಜಿಗೆ ಅವಳೆಂದರೆ ಆಗುತ್ತಿರಲಿಲ್ಲ, ಆದರೆ ಅವಳು ಬಾರದಿದ್ದ ವರ್ಷ ಚಡಪಡಿಸುತ್ತಿದ್ದಳು. ಬಂದಾಗ ಬೇಕೆಂದೇ ಕಿವಿಯೋಲೆ, ಬಳೆ ಎಲ್ಲ ತೆಗೆದಿಟ್ಟು, ಹಳೆ ಸೀರೆ ಉಟ್ಟು, "ಈಗ ಹೇಳು ನೋಡಾಣ" ಎಂದು ಮುಂದೆ ಕೂರುತ್ತಿದ್ದಳು. ಆ ಹೆಂಗಸು ಅಜ್ಜಿಯ ಅಂಗೈಯನ್ನೇ ನೋಡದೆ, ಕಿವಿಯ ಜೋತುಬಿದ್ದ ತೂತು ನೋಡಿ, "ಬಂಗಾರದ ಮನೆ, ಬಡವಿ ವೇಷ. ಯಾರನ್ನ ಪರೀಕ್ಷೆ ಮಾಡ್ತೀ ತಾಯಿ?" ಅನ್ನುತ್ತಿದ್ದಳು. ಅಜ್ಜಿ ಸೋತು ಮೊರದ ತುಂಬ ಜೋಳ ಹಾಕುತ್ತಿದ್ದಳು. ಸಂಶಯ ನನಗೆ ಎಲ್ಲಿಂದ ಬಂತೆಂದು ಹುಡುಕುವುದಕ್ಕೆ ದೂರ ಹೋಗಬೇಕಿಲ್ಲ.

"ಕಣಿ ಹೇಳೋವಳು ಓಕೆ" ಎಂದ ಕಿರಣ. "ಮಂತ್ರ ಇದೆಯಾ, ಇಲ್ಲವಾ? ಮಂತ್ರ ಇದ್ದರೆ ನೀನು ಕೇಳಿದ್ದಕ್ಕೆ ನಾನು ನಿಜ ಹೇಳಲೇಬೇಕು. ಮಂತ್ರ ಇಲ್ಲದಿದ್ದರೆ ಅದು ಬರೀ ಕೌಶಲ. ನೀನೇ ಏನೋ ಹೇಳಬೇಕು, ಆಮೇಲೆ ದಾಳ ಹಾಕಬೇಕು. ಆ ದಾಳ ನಿನ್ನ ಮಾತು ನಿಜಾನಾ ಅಂತ ಹೇಳಲ್ಲ. ಕೇಳಿದವರು ನಂಬಿದರಾ ಅಂತ ಮಾತ್ರ ಹೇಳುತ್ತೆ."

ನಾನು ಮಂತ್ರವಿಲ್ಲದ್ದನ್ನೇ ಆರಿಸಿಕೊಂಡೆ. ಮೊದಲನೇ ದಿನವೇ ಕೋಟೆಯ ಕಾವಲುಗಾರನಿಗೆ, "ನಿನ್ನ ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ" ಎಂದೆ. ದಾಳ ಉರುಳಿಸಿದರೆ ಇಪ್ಪತ್ತಕ್ಕೆ ಬರೀ ಮೂರು ಬಿತ್ತು. ಕಾವಲುಗಾರನಿಗೆ ಮನೆಯೇ ಇರಲಿಲ್ಲವಂತೆ. ನಮ್ಮ ನಾಲ್ವರನ್ನೂ ಸೆರೆಮನೆಗೆ ತಳ್ಳಿದರು. ಬೆಂಕಿ ಉಗುಳುವ ಮಾಂತ್ರಿಕ ವಾರವಿಡೀ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಹಾಗಾಗಿ, ಕಸುಬು ಕಲಿಯಬೇಕೆಂದು ಮುಂದಿನ ಶನಿವಾರ ನಾನು ಸಿಂಹಾಚಲಂ ಬೆಟ್ಟದ ದೇವಸ್ಥಾನಕ್ಕೆ ಹೋದೆ.

ಬೆಟ್ಟದ ಬುಡದಲ್ಲಿ, ಮೆಟ್ಟಿಲು ಶುರುವಾಗುವ ಕಡೆ ಭವಿಷ್ಯ ಹೇಳುವ ಅಪ್ಪಲರಾಜು ಎಂಬವನು ಕೂರುತ್ತಿದ್ದ. ಅರವತ್ತು ದಾಟಿದ ಆಸಾಮಿ. ಮುಂದೆ ಚಿತ್ರದ ಕಾರ್ಡುಗಳ ಸಾಲು, ಪಕ್ಕದಲ್ಲಿ ಖಾಲಿ ಪಂಜರ. ಗಿಣಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ಗೊತ್ತಾದ ಮೇಲೆ ತಾನೇ ಬಾಗಿಲು ತೆಗೆದುಬಿಟ್ಟನಂತೆ. ಈಗ ಬಂದವರೇ ಕೈಯಾರೆ ಕಾರ್ಡು ಎತ್ತಬೇಕು. ಗಿಣಿಯಿಲ್ಲದ ಗಿಣಿಶಾಸ್ತ್ರ. ನಾನು ಆಟದ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ತುಂಬ ಹೊತ್ತು ನನ್ನ ಮುಖ ನೋಡಿದ. ನಾನು ಟೀವಿಯವಳೋ ಪೊಲೀಸಿನವಳೋ ಎಂದು ಲೆಕ್ಕ ಹಾಕುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಪಕ್ಕದ ಕಲ್ಲು ತೋರಿಸಿ ಕೂರಲು ಹೇಳಿದ.

ಆರು ಶನಿವಾರ ಆ ಕಲ್ಲಿನ ಮೇಲೆ ಕೂತೆ. ಅವನು ಹೇಳಿದ್ದು ತೆಲುಗಿನಲ್ಲಿ. ನನಗೆ ದಕ್ಕಿದಷ್ಟನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. "ಮುಖ ನೋಡಬೇಡಮ್ಮಾ, ಮುಖಕ್ಕೆ ಸುಳ್ಳು ಹೇಳಿ ಅಭ್ಯಾಸ. ಕಾಲು ನೋಡು. ಕಾಲನ್ನ ಯಾರೂ ಕಾಯಲ್ಲ." ಯಾವ ಮಾತಿಗೆ ಕಾಲ್ಬೆರಳು ಮುದುರುತ್ತವೋ ಅಲ್ಲಿ ಏನೋ ಇದೆ, ಅಲ್ಲೇ ಅಗೆಯಬೇಕು. ಮೂರು ಮಾತಲ್ಲಿ ಎರಡು ತಪ್ಪಾದರೂ ಹೆದರಬಾರದು, ಜನ ಮನೆಗೆ ಒಯ್ಯುವುದು ಸರಿಯಾದ ಒಂದನ್ನೇ. ದೊಡ್ಡ ದೊಡ್ಡ ಸ್ವಾಮಿಗಳು ಹೇಗೆ ಮಾಡುತ್ತಾರೆ ಎಂದು ಕೇಳಿದ್ದಕ್ಕೆ ನಕ್ಕ. "ಅವರು ಬಂದವರನ್ನ ಕಾಯಿಸ್ತಾರೆ. ಕಾಯೋರು ಸುಮ್ಮನಿರಲ್ಲ, ಮಾತಾಡ್ತಾರೆ. ಆ ಮಾತು ಇವರಿಗಿಂತ ಮೊದಲೇ ಮೆಟ್ಟಿಲು ಹತ್ತಿರುತ್ತೆ."

ಇನ್ನೊಂದು ಮಾತನ್ನೂ ಹೇಳಿದ್ದ. "ನನ್ನ ಹತ್ತಿರ ಬರೋರಿಗೆ ಹೊಸದೇನೂ ಬೇಕಿಲ್ಲಮ್ಮಾ. ತಮ್ಮ ಮನಸ್ಸಲ್ಲಿ ಇರೋದೇ ಬೇರೆಯವರ ಬಾಯಲ್ಲಿ ಬರಬೇಕು, ಅಷ್ಟೆ." ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆನೇ ಹೊರತು ಅದರ ಬಗ್ಗೆ ಯೋಚಿಸಲಿಲ್ಲ.

ಗಂಗಿ ಪಳಗಿದಳು. ದಳಪತಿಯೊಬ್ಬನನ್ನು ಬರೀ ಮಾತಿನಲ್ಲೇ ಯುದ್ಧದಿಂದ ಹಿಂದೆ ಸರಿಸಿದಳು. ತೊಂದರೆಯಾಗಿದ್ದು ಗಂಗಿ ಭಾನುವಾರಕ್ಕೆ ನಿಲ್ಲದೆ ಇದ್ದದ್ದರಿಂದ. ಮೇಲಧಿಕಾರಿ ರಜೆ ಕೊಡುತ್ತೇನೆಂದರೆ ನಾನು ಅವರ ಬೂಟು ನೋಡುವೆ. ಮನೆಯ ಓನರಮ್ಮ ಸಾಂಬಾರು ತಂದುಕೊಟ್ಟರೆ ಇದರ ಹಿಂದೆ ಏನಿದೆ ಎಂದು ಅವರ ಕಾಲ್ಬೆರಳು ಹುಡುಕುವೆ. ಪಾಪ, ಆಕೆ ಮರುವಾರದಿಂದ ಸಾಂಬಾರನ್ನು ಬಾಗಿಲ ಹೊರಗೇ ಇಟ್ಟು ಹೋಗತೊಡಗಿದರು.

ಇಂಥ ಸ್ಥಿತಿಯಲ್ಲಿ, ಸಾಲು ರಜೆ ಬಂತೆಂದು, ನಾನು ವಿಜಯವಾಡಕ್ಕೆ ಮಂಗಳ ಚಿಕ್ಕಮ್ಮನ ಮನೆಗೆ ಹೋದೆ.

ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ಮದುವೆಯಾಗಿ ತೆಲುಗು ಮನೆ ಸೇರಿ ಇಪ್ಪತ್ತಾರು ವರ್ಷ. ಅವಳ ಗಂಡನನ್ನು ನಾವೆಲ್ಲ ಅವರ ಭಾಷೆಯಲ್ಲೇ ಬಾಬಾಯಿ ಅನ್ನುತ್ತೇವೆ, ಚಿಕ್ಕಪ್ಪ ಎಂದು ಅರ್ಥ. ಆಟೋನಗರದಲ್ಲಿ ಅವರದೊಂದು ಲೇತ್ ಶೆಡ್ಡು, ಲಾರಿಯ ಬಿಡಿಭಾಗ ಮಾಡುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಮನೆಯವರ ಮಾತು ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ದಿನವಿಡೀ ಯಂತ್ರದ ಸದ್ದಿನಲ್ಲಿರುವುದರಿಂದ ಎಂದು ಚಿಕ್ಕಮ್ಮ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು ಸಿರಿ, ಫಿಸಿಯೋಥೆರಪಿ ಕೊನೆಯ ವರ್ಷ. ತೆಲುಗಿನಲ್ಲಿ ಪಟಪಟ ಮಾತಾಡುವವಳು ಕನ್ನಡಕ್ಕೆ ಬಂದರೆ ಅಂಗಳದಲ್ಲಿ ಕಾಲಿಟ್ಟು ಒಳಗೆ ಬರಲೋ ಬೇಡವೋ ಅನ್ನುವವಳ ಹಾಗೆ ನಿಲ್ಲುತ್ತಾಳೆ.

ಮೊದಲ ದಿನ ಊಟಕ್ಕೆ ಕೂತಾಗಲೇ ವಿಷಯ ಬಂತು. ಪಕ್ಕದ ಶೆಡ್ಡಿನವರ ಮಗನಿಗೆ ಸಿರಿಯನ್ನು ಕೊಡುವ ಮಾತು ಎರಡು ವರ್ಷದಿಂದ ನಡೆಯುತ್ತಿದೆಯಂತೆ. ಬಾಬಾಯಿಗೆ ಮನಸ್ಸಿದೆ. ಆದರೆ ಗವರ್ನರ್‌ಪೇಟೆಯ ಒಬ್ಬ ಸ್ವಾಮಿ ಕವಡೆ ಹಾಕಿ ನೋಡಿ, ಈಗ ಬೇಡ, ಮುಂದೆ ನೋಡೋಣ ಎಂದು ತಡೆಯುತ್ತಲೇ ಇದ್ದಾರೆ.

"ಶೈಲಾ, ನೀನು ಸೈನ್ಸ್ ಓದಿದವಳು ಕದಾ, ನಗ್ತೀಯ" ಎಂದರು ಬಾಬಾಯಿ. "ಆದರೆ ಆಯನ, ಆ ಸ್ವಾಮಿ, ಹೇಳಿದ್ದು ಹನ್ನೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ. ನಾನು ಬಾಯಿ ಬಿಡೋಕ್ಕೆ ಮೊದಲೇ ನನ್ನ ಮನಸ್ಸಲ್ಲಿರೋದು ಹೇಳ್ತಾರೆ."

ಬಾಯಿ ಬಿಡುವುದಕ್ಕೆ ಮೊದಲೇ. ನನ್ನೊಳಗೆ ಗಂಗಿ ಎದ್ದು ಕೂತಳು. ಮೇಜಿನ ಕೆಳಗೆ ನೋಡಿದೆ. ಸಿರಿಯ ಕಾಲ್ಬೆರಳು ಬಿಗಿಯಾಗಿ ಮುದುರಿದ್ದವು. ಪಾಪ, ಮದುವೆ ತಡವಾಗುತ್ತಿದೆ ಎಂಬ ಸಂಕಟ ಎಂದು ತೀರ್ಮಾನಿಸಿದೆ.

"ನನ್ನನ್ನೂ ಕರಕೊಂಡು ಹೋಗಿ ಬಾಬಾಯಿ. ನಾನೂ ಕೇಳಬೇಕು" ಅಂದೆ.

ಕೈ ತೊಳೆಯುವಾಗ ಸಿರಿ ಹಿಂದೆ ಬಂದಳು. "ಅಕ್ಕಾ, ಬೇಡ ಅಕ್ಕಾ. ವದಿಲೆಯ್, ಬಿಟ್ಟುಬಿಡು ಅದನ್ನ."

"ಯಾಕೆ ಹೆದರ್ತೀಯ? ನಾನು ನೋಡ್ಕೋತೀನಿ" ಎಂದೆ ಧೀರಳ ಹಾಗೆ.

ಚಿಕ್ಕಮ್ಮನೂ ಅಡುಗೆಮನೆಯಲ್ಲಿ ಹೇಳಿದಳು. "ಅವ್ರ ನಂಬಿಕೆ ಅವ್ರಿಗೆ. ನೀನು ನಾಲ್ಕು ದಿನ ಇರಕ್ಕೆ ಬಂದೀಯ, ಉಂಡ್ಕೊಂಡು ಆರಾಮಾಗಿರವ್ವ."

ಇಬ್ಬರೂ ಆ ಸ್ವಾಮಿಗೆ ಹೆದರಿದ್ದಾರೆ, ಈ ಮನೆಯನ್ನು ಅವನ ಕೈಯಿಂದ ಬಿಡಿಸಬೇಕಾದವಳು ನಾನೇ, ಎಂದುಕೊಂಡೆ. ಅವರಲ್ಲಿ ಯಾರನ್ನಾದರೂ ಕೂರಿಸಿ 'ನಿಮಗೇನು ಬೇಕು' ಎಂದು ಕೇಳಬಹುದಿತ್ತು. ಕೇಳುವುದು ನನ್ನ ಕಸುಬಿನಲ್ಲಿ ಇರಲಿಲ್ಲ. ನೋಡಿ ತಿಳಿಯುವುದು ಮಾತ್ರ ಇತ್ತು.

ಮಾರನೇ ದಿನ ಬೆಳಿಗ್ಗೆ ಬಾಬಾಯಿಯ ಸ್ಕೂಟರಿನಲ್ಲಿ ಹೋದೆವು. ಗವರ್ನರ್‌ಪೇಟೆಯ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಕೋಣೆ ಸ್ವಾಮಿಯದು. ಕೆಳಗೆ ಟೀ ಅಂಗಡಿ, ಅದರ ಮುಂದೆ ಕಾಯುವವರಿಗೆ ಉದ್ದದ ಬೆಂಚು. ಅಪ್ಪಲರಾಜು ಹೇಳಿದ ಹಾಗೇ ಇತ್ತು. ಬಾಬಾಯಿ ಸ್ಕೂಟರಿಗೆ ಜಾಗ ಹುಡುಕುತ್ತಾ ಆ ಕಡೆ ಹೋದರು. ನಾನು ಬೆಂಚಿನ ಮೇಲೆ ಕೂತು ಟೀ ಹೇಳಿದೆ. ಟೀ ಅಂಗಡಿಯವನು ಲೋಟ ತೊಳೆಯುತ್ತಾ, ಯಾವ ಊರು, ಏನು ಕೆಲಸ ಎಂದು ಮೆಲ್ಲಗೆ ಶುರು ಮಾಡಿದ. ಕೊನೆಗೆ, "ಮೀ ವಾರು ಏಂ ಚೇಸ್ತಾರಮ್ಮಾ?" ಎಂದ. ನಿಮ್ಮೆಜಮಾನರು ಏನು ಮಾಡುತ್ತಾರೆ ಎಂದು.

ನನಗೆ ಮದುವೆಯಾಗಿಲ್ಲ. "ದುಬೈಯಲ್ಲಿದ್ದಾರೆ" ಎಂದೆ. ತಲೆ ತಗ್ಗಿಸಿ, ಸೆರಗಿಲ್ಲದ್ದರಿಂದ ದುಪಟ್ಟಾದಲ್ಲೇ ಕಣ್ಣೊರೆಸಿಕೊಂಡು, "ಎರಡು ತಿಂಗಳಿಂದ ಫೋನೂ ಇಲ್ಲ" ಎಂದು ಸೇರಿಸಿದೆ. ಕಿರಣ ಅಲ್ಲಿದ್ದಿದ್ದರೆ ದಾಳವೇ ಬೇಡ ಅನ್ನುತ್ತಿದ್ದ.

ಮೇಲೆ ಹೋದಾಗ ಸ್ವಾಮಿಯನ್ನು ನೋಡಿ ನನ್ನ ಸಂಶಯ ಇನ್ನೂ ಗಟ್ಟಿಯಾಯಿತು. ಕಾವಿ ಇಲ್ಲ, ಗಡ್ಡವಿಲ್ಲ. ಇಸ್ತ್ರಿ ಮಾಡಿದ ಚೌಕಳಿ ಅಂಗಿ, ನಿವೃತ್ತ ಮೇಷ್ಟರ ಹಾಗಿನ ಮುಖ. ಬಾಬಾಯಿ ನನ್ನನ್ನು ಹೆಂಡತಿಯ ಅಕ್ಕನ ಮಗಳು ಎಂದಷ್ಟೇ ಪರಿಚಯಿಸಿದರು. ಸ್ವಾಮಿ ಕವಡೆ ಚೆಲ್ಲಿ, ಕಣ್ಣು ಮುಚ್ಚಿ, ಮೃದುವಾಗಿ ಹೇಳಿದರು. "ಅಮ್ಮಾ, ನಿನ್ನ ಗಂಡ ಸಮುದ್ರದ ಆಚೆ ಇದ್ದಾನೆ. ಸುದ್ದಿ ಇಲ್ಲ ಅಂತ ಕೊರಗುತ್ತಿದ್ದೀಯ. ಬರುತ್ತೆ, ಬೇಗ ಬರುತ್ತೆ."

ಬಾಬಾಯಿ ನನ್ನನ್ನು ನೋಡಿದರು, ಸ್ವಾಮಿಯನ್ನು ನೋಡಿದರು. "ಈ ಹುಡುಗಿಗೆ ಮದುವೆಯೇ ಆಗಿಲ್ಲ ಸ್ವಾಮಿ."

ಸ್ವಾಮಿಯ ರೆಪ್ಪೆ ಒಂದು ಸಲ ಹೊಡೆದುಕೊಂಡಿತು, ಅಷ್ಟೆ. "ಆಗುವವನನ್ನು ಹೇಳಿದೆ" ಎಂದರು. ಒಂದೇ ಕಸುಬಿನವಳಾಗಿ ನನಗೆ ಆ ಕ್ಷಣ ಅವರ ಮೇಲೆ ಗೌರವ ಬಂತು. ಆದರೆ ಬಾಬಾಯಿ ಎದ್ದಿದ್ದರು. ಕೆಳಗಿಳಿದು ಬಂದ ಮೇಲೆ ಟೀ ಅಂಗಡಿಯಲ್ಲಿ ನಾನು ಹೇಳಿದ ಸುಳ್ಳನ್ನು ಅವರಿಗೆ ವಿವರಿಸಿದೆ. ಅವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ಬಿಸಿಲಲ್ಲಿ, ಆಟೋಗಳ ನಡುವೆ, ಮನೆ ತಲುಪುವವರೆಗೂ ಅವರ ಬೆನ್ನು ನೋಡುತ್ತಾ ನಾನು ಮನಸ್ಸಿನಲ್ಲೇ ಗೆದ್ದ ಖುಷಿ ಪಡುತ್ತಿದ್ದೆ.

ಚಿಕ್ಕಮ್ಮ ಊಟದ ಮೇಜಿನ ಹತ್ತಿರ ಹುರುಳಿಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಸಿರಿ ಪುಸ್ತಕ ಹಿಡಿದು ಕೂತಿದ್ದಳು. ಬಾಬಾಯಿ ನಡೆದದ್ದನ್ನು ಹೇಳಿ, ಕುರ್ಚಿ ಎಳೆದು ಕೂತರು.

"ಸರಿ, ಆಯನಿಗೆ ಯಾರೋ ಹೇಳ್ತಾರೆ. ಇವಳದ್ದು ಟೀ ಅಂಗಡಿಯವನು ಹೇಳಿದ. ನಂದು ಯಾರು ಹೇಳಿದರು?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

"ಹೈದರಾಬಾದಿಗೆ ಶೆಡ್ಡು ಸಾಗಿಸಬೇಕು ಅಂತ ಮನೇಲಿ ಮಾತ್ರ ಹೇಳಿದ್ದೆ. ಆಯನಿಗೆ ಗೊತ್ತಿತ್ತು. ತಮ್ಮನ ಜೊತೆ ಜಗಳ ಆಗಿದ್ದು ಹೊರಗೆ ಯಾರಿಗೂ ಗೊತ್ತಿಲ್ಲ. ಆಯನಿಗೆ ಗೊತ್ತಿತ್ತು." ಅವರ ದನಿ ಏರಲಿಲ್ಲ. ಶೆಡ್ಡಿನ ಫೋರ್‌ಮನ್ ಇರಬಹುದೇ, ಗುಮಾಸ್ತನೇ, ತಮ್ಮನ ಹೆಂಡತಿಯೇ, ಎಂದು ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ನನ್ನದೇ ಅದು.

ನಾನು ಚಿಕ್ಕಮ್ಮನ ಕಡೆ ತಿರುಗಿದೆ. ಮುಖ ಸಮಾಧಾನವಾಗಿತ್ತು, ಕೈ ನಿಂತಿರಲಿಲ್ಲ. ಆದರೆ ಆಗಲೇ ಹೆಚ್ಚಿ ಮುಗಿಸಿದ ಹುರುಳಿಕಾಯಿಯನ್ನೇ ಅವಳು ಮತ್ತೆ ಹೆಚ್ಚುತ್ತಿದ್ದಳು. ಸಣ್ಣಗೆ, ಇನ್ನೂ ಸಣ್ಣಗೆ.

"ನೀವೇ ಕಾಯುವಾಗ ಟೀ ಅಂಗಡೀಲಿ ಬಾಯಿತಪ್ಪಿ ಹೇಳಿರ್ತೀರ ಬಾಬಾಯಿ" ಎಂದೆ ಅವಸರವಾಗಿ.

"ನಾನು ಅಲ್ಲಿ ಟೀ ಕುಡಿಯಲ್ಲ. ಶುಗರ್ ಇದೆ" ಎಂದರು. ಈಗ ಅವರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.

ಚಿಕ್ಕಮ್ಮ ಚಾಕು ಕೆಳಗಿಟ್ಟಳು. "ಆ ಹುಡುಗಿ ಸುಳ್ಳು ಹೇಳ್ತಾ ಇದೆ. ನಾನೇ ಹೇಳಿದ್ದು."

ಬಾಬಾಯಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

"ಹೈದರಾಬಾದ್ ದಿಕ್ಕು ಸರಿಯಿಲ್ಲ ಅಂದಿದ್ದು?"

"ನಾನೇ. ಸಿರಿ ಸಣ್ಣೋಳು, ಅಲ್ಲಿ ನಮ್ಗ್ಯಾರೂ ಇರ್ಲಿಲ್ಲ."

"ತಮ್ಮನ ಮನೆಗೆ ನೀನೇ ಮೊದಲು ಹೋಗು ಅಂದಿದ್ದು?"

"ನಾನೇ."

"ಮೊಣಕಾಲಿನ ಆಪರೇಷನ್?"

"ಎರಡು ವರ್ಷ ಬಡ್ಕೊಂಡೆ, ಕೇಳಿದ್ರಾ? ಸ್ವಾಮಿ ಹೇಳಿದ ಮಾರನೇ ವಾರ ಆಸ್ಪತ್ರೆಗೆ ಹೋದ್ರಿ."

"ಈ ಸಂಬಂಧ?"

ಚಿಕ್ಕಮ್ಮ ಸಿರಿಯ ಕಡೆ ನೋಡಿದಳು. ಸಿರಿ ಪುಸ್ತಕ ಮುಚ್ಚಿ, ಅಪ್ಪನಿಗೆ ತೆಲುಗಿನಲ್ಲಿ ಹೇಳಿದಳು. "ನನಗೆ ಇಷ್ಟ ಇಲ್ಲ ನಾನ್ನಾ. ನಾನು ಓದು ಮುಗಿಸಿ ಕೆಲಸ ಮಾಡಬೇಕು. ಅಮ್ಮನ ಹತ್ತಿರ ನಾನೇ ಹೇಳಿದ್ದು."

ಎರಡು ದಿನದಿಂದ ಮೇಜಿನ ಕೆಳಗೆ ಮುದುರುತ್ತಿದ್ದ ಆ ಬೆರಳುಗಳನ್ನು ನಾನು ಸರಿಯಾಗಿಯೇ ನೋಡಿದ್ದೆ. ಅರ್ಥವನ್ನು ಮಾತ್ರ ಪೂರ್ತಿ ತಲೆಕೆಳಗು ಮಾಡಿದ್ದೆ. 'ಬೇಡ ಅಕ್ಕಾ' ಅಂದಾಗ ಅವಳು ಹೆದರಿದ್ದು ಸ್ವಾಮಿಗಲ್ಲ, ನನಗೆ.

ಬಾಬಾಯಿ ಚಿಕ್ಕಮ್ಮನ ಕಡೆ ತಿರುಗಿ, "ನನಗೇ ಹೇಳಬಹುದಿತ್ತಲ್ಲ ಮಂಗಳಾ" ಎಂದರು.

"ಹೇಳಿದೀನಿ. ಒಂದೊಂದನ್ನೂ ಮೊದ್ಲು ನಿಮಗೇ ಹೇಳಿದೀನಿ. ನೆನಪು ಮಾಡ್ಕೊಳ್ಳಿ."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೋದರು. ನಾನಿದ್ದ ಉಳಿದ ಎರಡು ದಿನ ಅವರು ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಸಿರಿ ನನ್ನ ತಟ್ಟೆಗೆ ಅನ್ನ ಬಡಿಸುವಳು, ಮುಖ ನೋಡುತ್ತಿರಲಿಲ್ಲ. ಚಿಕ್ಕಮ್ಮನೇ ಒಮ್ಮೆ ಬಟ್ಟೆ ಮಡಿಸುತ್ತಾ ಹೇಳಿದಳು. ಹನ್ನೊಂದು ವರ್ಷದ ಹಿಂದೆ, ಹೈದರಾಬಾದಿನ ಮಾತು ಬಂದಾಗ, ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಆ ಸ್ವಾಮಿಯ ಮುಂದೆ ಕೂತು ಅತ್ತಿದ್ದಳಂತೆ. ಮುಂದಿನ ಸಲ ಬಾಬಾಯಿ ಹೋದಾಗ ಸ್ವಾಮಿ ಇವಳ ಮಾತನ್ನೇ ಕವಡೆಯಲ್ಲಿ ಕಂಡಂತೆ ಹೇಳಿದರು. ಬಾಬಾಯಿ ತಲೆಬಾಗಿ ಕೇಳಿಕೊಂಡು ಬಂದರು. ಆಮೇಲೆ ಏನಾದರೂ ಹೇಳಬೇಕಾದಾಗ ಬ್ಲೌಸ್ ಹೊಲಿಸುವ ನೆಪದಲ್ಲಿ ಗವರ್ನರ್‌ಪೇಟೆಗೆ ಹೋಗಿ ಬರುತ್ತಿದ್ದಳು.

"ನೀನು ಮಾಡಿದ್ದು ತಪ್ಪು ಅನ್ನಲ್ಲ" ಎಂದಳು. "ಆದ್ರೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ನೀನೂ ಕೇಳ್ಲಿಲ್ಲ ನೋಡು."

ವಿಶಾಖಕ್ಕೆ ಮರಳಿದ ಮೇಲೆ ಎರಡು ಭಾನುವಾರ ಆಟಕ್ಕೆ ಹೋಗಲಿಲ್ಲ. ಮೂರನೆಯದಕ್ಕೆ ಹೋದೆ. ರಾಜನೊಬ್ಬ ಗಂಗಿಯ ಮುಂದೆ ಬಂದು ಕೂತು, ಯುದ್ಧ ಮಾಡಲೋ ಬೇಡವೋ ಹೇಳು ಎಂದ. ನಾನು ದಾಳ ಕೈಯಲ್ಲಿ ಹಿಡಿದು, "ನಿನ್ನ ರಾಣಿ ಏನಂತಾಳೆ?" ಎಂದು ಕೇಳಿದೆ. ಕಿರಣ ತಬ್ಬಿಬ್ಬಾದ. ಅವನ ಕತೆಯಲ್ಲಿ ರಾಣಿಗೆ ಹೆಸರೇ ಇರಲಿಲ್ಲ. ಆ ದಿನ ಅರ್ಧ ಆಟ ರಾಣಿಯನ್ನು ಹುಡುಕುವುದರಲ್ಲೇ ಹೋಯಿತು.

ವಿಜಯವಾಡದಿಂದ ಫೋನು ಬರಲು ಒಂದೂವರೆ ತಿಂಗಳು ಹಿಡಿಯಿತು. ಚಿಕ್ಕಮ್ಮನೇ ಮಾಡಿದ್ದಳು. ಪಕ್ಕದ ಶೆಡ್ಡಿನವರಿಗೆ ಬಾಬಾಯಿ ತಾವೇ ಹೋಗಿ, ಹುಡುಗಿ ಓದಲಿ, ಈ ಮಾತು ಇಲ್ಲಿಗೆ ಬಿಡೋಣ ಎಂದು ಹೇಳಿ ಬಂದರಂತೆ. ಸಿರಿ ಪರೀಕ್ಷೆಗೆ ಕೂತಿದ್ದಾಳೆ. ನನ್ನ ಮೇಲಿನ ಸಿಟ್ಟು ಅವಳಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಸ್ವಾಮಿಯ ಕಡೆಗೆ ಬಾಬಾಯಿ ಮತ್ತೆ ಹೋಗಿಲ್ಲ.

"ನಿನ್ನ ಮಾತು ಕೇಳ್ತಾರಾ ಈಗ?" ಎಂದೆ.

"ಕೇಳ್ತಾರೆ. ಕೇಳಿ, ನನ್ನ ಮುಖಾನೇ ನೋಡ್ತಾರೆ. ಇದು ನಿಜವಾಗ್ಲೂ ನಿನ್ನ ಮಾತಾ, ಇದರ ಹಿಂದೆ ಬೇರೆ ಏನಾದ್ರೂ ಇದೆಯಾ ಅಂತಾರೆ. ಸ್ವಾಮಿ ಹೇಳಿದ್ರೆ ಒಂದೇ ಸಲಕ್ಕೆ ಆಗ್ತಿತ್ತು. ನಾನು ಹೇಳಿದ್ರೆ ಮೂರು ಸಲ ಹೇಳ್ಬೇಕು."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಪರವಾಗಿಲ್ಲ ಬಿಡು" ಎಂದಳು ಚಿಕ್ಕಮ್ಮ. "ಮೂರು ಸಲ ಹೇಳ್ತೀನಿ."